ಮದುವೆ ಮುಗಿಸಿ ಬೆಂಗಳೂರಿನಲ್ಲಿ ಎರಡು ದಿನ: ಮೊಣಕಾಲು ನೋವಿನ ಅಮ್ಮ, ಶಾಸನದ ಹುಚ್ಚಿನ ಅಪ್ಪ, ಒಂಬತ್ತರ ಮಗಳು

ಪ್ರಶ್ನೆ: ನಮ್ಮದು ಬ್ರಹ್ಮಾವರ. ಫೆಬ್ರವರಿಯ ಒಂದು ಭಾನುವಾರ ಬೆಂಗಳೂರಿನ ಜಯನಗರದಲ್ಲಿ ನೆಂಟರ ಮದುವೆ ಇದೆ. ಮದುವೆ ಮುಗಿದ ಮೇಲೆ ಸೋಮವಾರ, ಮಂಗಳವಾರ ಅಲ್ಲೇ ನೆಂಟರ ಮನೆಯಲ್ಲಿ ಉಳಿದು, ಮಂಗಳವಾರ ರಾತ್ರಿ ಬಸ್ಸಿಗೆ ಊರಿಗೆ ಹೊರಡುತ್ತೇವೆ. ಅಪ್ಪನಿಗೆ ಶಾಸನಗಳ ಹುಚ್ಚು, ಬಾರ್ಕೂರಿನ ಕಲ್ಲುಗಳನ್ನೆಲ್ಲ ನೋಡಿ ಮುಗಿಸಿದ್ದಾರೆ. ಅಮ್ಮನಿಗೆ ಗಿಡಮರ ಅಂದರೆ ಜೀವ, ಆದರೆ ಮೊಣಕಾಲು ನೋವು. ಮಗಳಿಗೆ ಒಂಬತ್ತು ವರ್ಷ. ಸೋಮವಾರ ಮ್ಯೂಸಿಯಂ, ಮಂಗಳವಾರ ಲಾಲ್‌ಬಾಗ್ ಎಂದುಕೊಂಡಿದ್ದೇವೆ. ಭಾವ ಬೇರೆಯೇ ಪಟ್ಟಿ ಕಳಿಸಿದ್ದಾರೆ: ಕಾರು ಮಾಡಿಕೊಂಡು ಒಂದೇ ದಿನದಲ್ಲಿ ಹನ್ನೊಂದು ಜಾಗ. ನಮಗೆ ಅವಸರವಿಲ್ಲದೆ, ನಡೆದುಕೊಂಡು ನೋಡುವ ಆಸೆ. ಹೇಗೆ ಮಾಡುವುದು?

ಉತ್ತರ: ಮೊದಲು ದಿನಗಳನ್ನು ಅದಲುಬದಲು ಮಾಡಿ. ಸೋಮವಾರ ಲಾಲ್‌ಬಾಗ್, ಮಂಗಳವಾರ ಮ್ಯೂಸಿಯಂ. ಬೆಂಗಳೂರಿನ ಹೆಚ್ಚಿನ ಮ್ಯೂಸಿಯಂಗಳಿಗೆ ಸೋಮವಾರ ರಜೆ. ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ, ಅದರ ಪಕ್ಕದ ವೆಂಕಟಪ್ಪ ಚಿತ್ರಶಾಲೆ, ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಎಲ್ಲ ಕಡೆಯೂ ಬೀಗ. ವಿಶ್ವೇಶ್ವರಯ್ಯ ಮ್ಯೂಸಿಯಂ ಮಾತ್ರ ಸೋಮವಾರವೂ ತೆರೆದಿರುತ್ತದೆ. ಭಾನುವಾರದ ಮದುವೆಗೆ ಹೋದ ನಮ್ಮ ಕಡೆಯವರು ಸೋಮವಾರ ವಸ್ತುಸಂಗ್ರಹಾಲಯದ ಕೆಂಪು ಕಟ್ಟಡದ ಗೇಟಿನ ಎದುರು ಒಂದು ಫೋಟೊ ತೆಗೆದುಕೊಂಡು ವಾಪಸ್ ಬರುವುದು ಹೊಸತೇನಲ್ಲ.

ಭಾವನ ಪಟ್ಟಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಮನೆಯವರ ವಿಷಯ. ಹನ್ನೊಂದು ಜಾಗ ಅಂದರೆ ಹನ್ನೊಂದು ಸಲ ಪಾರ್ಕಿಂಗ್ ಹುಡುಕುವುದು, ಹನ್ನೊಂದು ಸಲ ಅಮ್ಮ ಕಾರಿನಿಂದ ಇಳಿದು ಹತ್ತುವುದು. ಮೊಣಕಾಲು ನೋವಿನವರಿಗೆ ನಡೆಯುವುದಕ್ಕಿಂತ ಈ ಇಳಿದು ಹತ್ತುವುದೇ ಕಷ್ಟ. ಮಂಗಳೂರಿನಿಂದ ಹಿರಿಯರ ಗುಂಪುಗಳನ್ನು ಇಂಥ ನಡಿಗೆಗೆ ಕರೆದುಕೊಂಡು ಹೋಗುತ್ತಿರುವ ನಾನು ಹಿಡಿದುಕೊಂಡಿರುವ ಲೆಕ್ಕ ಇಷ್ಟೇ: ದಿನಕ್ಕೆ ಒಂದು ತೋಟ, ಹೆಚ್ಚೆಂದರೆ ಎರಡು ಮ್ಯೂಸಿಯಂ, ಒಂದೊಂದು ಮ್ಯೂಸಿಯಂನಲ್ಲಿ ನಾಲ್ಕೈದು ವಸ್ತು. ಉಳಿದದ್ದನ್ನು ದಾಟಿಕೊಂಡು ಹೋಗುವುದು. ದುಡ್ಡು ಕೊಟ್ಟು ಒಳಗೆ ಬಂದಿದ್ದೇವೆ, ಎಲ್ಲ ನೋಡಲೇಬೇಕು ಎನ್ನುವವರು ಎರಡನೇ ಕೋಣೆಯಲ್ಲೇ ಸುಸ್ತಾಗಿ, ಮೂರನೆಯದರಲ್ಲಿ ಬೆಂಚು ಹುಡುಕುತ್ತಾರೆ.

ಮೊಣಕಾಲಿನ ವಿಷಯ ಇನ್ನೂ ಸ್ವಲ್ಪ ಇದೆ, ಏಕೆಂದರೆ ನಿಮ್ಮ ಎರಡೂ ದಿನ ನಿಂತಿರುವುದು ಅದರ ಮೇಲೆ. ತೋಟದ ಮಣ್ಣಿನ ದಾರಿಯಲ್ಲಿ ಎರಡು ಕಿಲೋಮೀಟರ್ ನಡೆಯುವ ಹಿರಿಯರು ಮ್ಯೂಸಿಯಂನ ಕಲ್ಲಿನ ನೆಲದಲ್ಲಿ ಅರ್ಧ ಗಂಟೆಗೆ ಸೋತುಬಿಡುತ್ತಾರೆ. ಅಲ್ಲಿ ನಡೆಯುವುದಕ್ಕಿಂತ ನಿಲ್ಲುವುದು ಜಾಸ್ತಿ. ಎರಡು ಹೆಜ್ಜೆ, ನಿಲ್ಲುವುದು, ಬಗ್ಗಿ ಓದುವುದು, ಮತ್ತೆ ಎರಡು ಹೆಜ್ಜೆ. ಗಂಟಿಗೆ ಇದಕ್ಕಿಂತ ಕೆಟ್ಟ ವ್ಯಾಯಾಮ ಇಲ್ಲ. ಅದಕ್ಕೆ ಇಪ್ಪತ್ತು ನಿಮಿಷಕ್ಕೊಮ್ಮೆ ಕೂರಿಸಿ, ಅವರು ಬೇಡ ಎಂದರೂ ಕೂರಿಸಿ. ಮದುವೆಗೆಂದು ತಂದ ಹೊಸ ಚಪ್ಪಲಿ ಬ್ಯಾಗಿನಲ್ಲೇ ಇರಲಿ, ಹಳೆಯ ಮೆತ್ತಗಿನ ಜೋಡಿಯೇ ಕಾಲಿಗೆ. ಮಡಚುವ ಸಣ್ಣ ಸ್ಟೂಲ್ ಸಿಕ್ಕಿದರೆ ಹಿಡಿದುಕೊಳ್ಳಿ.

ಹೊರಡುವ ಮೊದಲು ಊರಿನಲ್ಲೇ ಒಂದು ಪರೀಕ್ಷೆ ಮಾಡಬಹುದು. ಯಾವುದಾದರೂ ಭಾನುವಾರ ಮಂಗಳೂರಿಗೆ ಬಂದರೆ ಬಿಜೈಯ ಶ್ರೀಮಂತಿ ಬಾಯಿ ಮ್ಯೂಸಿಯಂಗೆ ಹೋಗಿ. ಹಡಗಿನ ಆಕಾರದ ಮನೆ, ಕರ್ನಲ್ ಮಿರಾಜ್ಕರ್ ತಾಯಿಯ ನೆನಪಿಗೆ ಕೊಟ್ಟದ್ದು, 1960ರಿಂದ ಮ್ಯೂಸಿಯಂ ಆಗಿದೆ. ಸಣ್ಣ ಜಾಗ. ಅಲ್ಲಿ ಅಮ್ಮ ಎಷ್ಟು ಹೊತ್ತಿಗೆ ಗೋಡೆಗೆ ಕೈ ಕೊಡುತ್ತಾರೆ ನೋಡಿಕೊಳ್ಳಿ. ಆಮೇಲೆ ಕದ್ರಿ ಪಾರ್ಕಿನಲ್ಲಿ ಒಂದು ಸುತ್ತು ಹೊಡೆಸಿ. ಎರಡರ ವ್ಯತ್ಯಾಸ ನಿಮಗೇ ತಿಳಿಯುತ್ತದೆ. ಬೆಂಗಳೂರಿನಲ್ಲಿ ಇದಕ್ಕಿಂತ ಸ್ವಲ್ಪ ಜಾಸ್ತಿಯೇ ನಡೆದಾರು, ಯಾಕೆಂದರೆ ಊರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ. ಫೆಬ್ರವರಿಯ ಬೆಳಿಗ್ಗೆ ತಂಪು. ನಮ್ಮ ಸೆಕೆ, ಬೆವರು ಅಲ್ಲಿಲ್ಲ.

ಇನ್ನು ಸೋಮವಾರ.

ಜಯನಗರದಿಂದ ಹಸಿರು ಮೆಟ್ರೊ ಹತ್ತಿದರೆ ನಡುವೆ ಒಂದೇ ನಿಲ್ದಾಣ, ಮುಂದಿನದೇ ಲಾಲ್‌ಬಾಗ್. ಪಶ್ಚಿಮದ ಗೇಟು ಅಲ್ಲಿಂದ ಹತ್ತಿರ. ಏಳು ಗಂಟೆಗೆ ಒಳಗಿರಿ. ಬೆಳಗಿನ ವಾಕಿಂಗ್‌ನವರು ಬೀಸು ನಡಿಗೆಯಲ್ಲಿ ಬರುತ್ತಾರೆ, ಅವರಿಗೆ ದಾರಿ ಬಿಟ್ಟು ಪಕ್ಕದಲ್ಲಿ ಸಾಗಿ. ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ಜನವರಿಗೇ ಮುಗಿದಿರುತ್ತದೆ. ಅದು ನಿಮ್ಮ ಪುಣ್ಯ ಎಂದೇ ನನ್ನ ಅಭಿಪ್ರಾಯ. ಆ ದಿನಗಳಲ್ಲಿ ಮರ ಕಾಣುವುದಿಲ್ಲ, ಮುಂದಿನವರ ಬೆನ್ನು ಮಾತ್ರ ಕಾಣುತ್ತದೆ.

ಈ ತೋಟವನ್ನು ಹೈದರಾಲಿ 1760ರಲ್ಲಿ ಶುರು ಮಾಡಿದ್ದು, ಆಗ ಸುಮಾರು 40 ಎಕರೆ. ಟಿಪ್ಪು ಬೆಳೆಸಿದ. ಈಗ 240 ಎಕರೆ. ಅಷ್ಟನ್ನೂ ನಡೆಯುವ ಯೋಚನೆ ಬೇಡ. ಗಾಜಿನ ಮನೆ, ಅದರ ಸುತ್ತಿನ ಹಳೆಯ ಮರಗಳು, ಕೊನೆಗೆ ಬಂಡೆ. ಇಷ್ಟು ಸಾಕು.

ಗಾಜಿನ ಮನೆಗೆ 1889ರ ನವೆಂಬರ್ 30ರಂದು ಅಡಿಗಲ್ಲು ಇಟ್ಟದ್ದು ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿ. ಕಬ್ಬಿಣ ಗ್ಲಾಸ್ಗೋದ ಎರಕದ ಕಾರ್ಖಾನೆಯದು. ಪ್ರದರ್ಶನ ಇಲ್ಲದ ದಿನ ಒಳಗೆ ಹೂವೇನೂ ಇರುವುದಿಲ್ಲ, ಖಾಲಿ ಚಪ್ಪರ ಅಷ್ಟೆ. ಆದರೆ ಆಗಲೇ ಕಂಬಗಳು ಚೆನ್ನಾಗಿ ಕಾಣುವುದು. ಮಗಳಿಗೆ ಮೇಲಿನ ಕಮಾನುಗಳನ್ನು ಎಣಿಸಲು ಹೇಳಿ, ನಿಮಗೆ ಹತ್ತು ನಿಮಿಷ ಬಿಡುವು ಸಿಗುತ್ತದೆ.

ಆ ಕಾಲಕ್ಕೆ ತೋಟದ ಮುಖ್ಯಸ್ಥರಾಗಿದ್ದವರು ಜಾನ್ ಕ್ಯಾಮರಾನ್. ಹೊರದೇಶದ ಗಿಡಗಳನ್ನು ತರಿಸಿ ಇಲ್ಲಿ ಬೆಳೆಯುತ್ತವೆಯೇ ಎಂದು ನೋಡುವುದು ಅವರ ಕೆಲಸ. ಬೆಂಗಳೂರಿನವರು ಸಾಂಬಾರಿಗೆ ಹಾಕುವ ಸೀಮೆಬದನೆಯನ್ನು ಈ ಊರಿಗೆ ತಂದವರು ಅವರೇ ಎನ್ನುತ್ತಾರೆ. ಅಮ್ಮನಿಗೆ ಇದನ್ನು ಹೇಳಿ. ಹೂವಿನ ತೋಟ ಅಂದುಕೊಂಡು ಬಂದವರಿಗೆ, ಇದು ತರಕಾರಿ ತೋಟವೂ ಆಗಿತ್ತು ಎಂದು ಗೊತ್ತಾದರೆ ನೋಡುವ ರೀತಿಯೇ ಬದಲಾಗುತ್ತದೆ.

ಕ್ಯಾಮರಾನ್ ನಂತರ ಬಂದವರು ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಜರ್ಮನಿಯಲ್ಲಿ 1865ರಲ್ಲಿ ಹುಟ್ಟಿದವರು, ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ, ಬರೋಡ ಸಂಸ್ಥಾನ ನೋಡಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು, ಸಮಾಧಿಯೂ ಅಲ್ಲೇ. ಎರಡು ಮಹಾಯುದ್ಧಗಳ ಕಾಲದಲ್ಲೂ ಜರ್ಮನ್ ಎಂಬ ಕಾರಣಕ್ಕೆ ಬ್ರಿಟಿಷರು ಅವರನ್ನು ಬಂಧನದಲ್ಲಿಟ್ಟರು. ನನಗೆ ಲಾಲ್‌ಬಾಗ್‌ನಲ್ಲಿ ಯಾರ ಪ್ರತಿಮೆಗಿಂತಲೂ ಈ ಮನುಷ್ಯನ ಕೆಲಸವೇ ದೊಡ್ಡದು. ಒಂದು ರಸ್ತೆಯ ಮರಗಳ ಹೂವು ಉದುರುವ ಹೊತ್ತಿಗೆ ಇನ್ನೊಂದು ರಸ್ತೆಯ ಮರಗಳು ಅರಳಬೇಕು, ವರ್ಷವಿಡೀ ಊರಿನಲ್ಲಿ ಎಲ್ಲಾದರೂ ಒಂದು ಕಡೆ ಬಣ್ಣ ಇರಬೇಕು ಎಂದು ಲೆಕ್ಕ ಹಾಕಿ ಸಾಲುಮರ ನೆಡಿಸಿದರು. ನೀವು ಹೋಗುವ ಫೆಬ್ರವರಿ ತಬೆಬುಯಾ ಮರಗಳ ಕಾಲ. ಎಲೆ ಉದುರಿಸಿಕೊಂಡ ಮರದ ತುಂಬಾ ಗುಲಾಬಿ ಹೂವು. ಕೆಲವು ಕಡೆ ಹಳದಿಯೂ ಇದೆ. ಲಾಲ್‌ಬಾಗ್‌ಗಿಂತ ಮರುದಿನ ಕಬ್ಬನ್ ಪಾರ್ಕಿನಲ್ಲಿ ಇದು ಚೆನ್ನಾಗಿ ಕಾಣಿಸುತ್ತದೆ. ಒಂದು ವಾರ ಮೊದಲೋ ಆಮೇಲೋ ಅರಳಿದರೆ ಮರವನ್ನು ಬಯ್ಯಬೇಡಿ.

ಇಲ್ಲಿಂದ ಬಂಡೆಯ ಕಡೆಗೆ ಹೋಗುವಾಗ ಅಮ್ಮ ದಣಿದಿದ್ದರೆ ತೋಟದೊಳಗೆ ಓಡಾಡುವ ಬ್ಯಾಟರಿ ಗಾಡಿ ಹತ್ತಿಸಿ. ಇದರಲ್ಲಿ ಸಂಕೋಚ ಏನೂ ಬೇಡ.

ಬಂಡೆಯ ಮೇಲೆ ಹೆಚ್ಚಿನವರು ನೋಡುವುದು ತುದಿಯ ಮಂಟಪವನ್ನು. ಕೆಂಪೇಗೌಡರ ಕಾಲದ ನಾಲ್ಕು ಗಡಿ ಗೋಪುರಗಳಲ್ಲಿ ಅದು ಒಂದು. ಊರು ಇಷ್ಟರವರೆಗೆ ಎಂದು ಗುರುತು ಮಾಡಿದ್ದು ಎಂಬ ಮಾತಿದೆ. ಈಗ ಊರು ಅದನ್ನು ಎಲ್ಲಿ ಬಿಟ್ಟು ಹೋಗಿದೆ ಎಂದು ಮೇಲೆ ನಿಂತರೆ ಗೊತ್ತಾಗುತ್ತದೆ. ಆದರೆ ನೀವು ಗೋಪುರಕ್ಕಿಂತ ಕಾಲ ಕೆಳಗೆ ನೋಡಿ. ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಪೆನಿನ್ಸುಲಾರ್ ನೈಸ್ ಎಂದು ಈ ಜಾತಿಯ ಕಲ್ಲಿಗೆ ಹೆಸರಿಟ್ಟದ್ದು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್, 1916ರಲ್ಲಿ. ಅಲ್ಲೊಂದು ಫಲಕವಿದೆ. ಕುಳಿತುಕೊಂಡು ಹತ್ತಿರದಿಂದ ನೋಡಿದರೆ ಬೂದು, ಬಿಳಿ ಪಟ್ಟೆಗಳು ಅಲೆ ಅಲೆಯಾಗಿ ಒಂದರೊಳಗೊಂದು ಹೊಕ್ಕಿವೆ. ನಡುನಡುವೆ ಕಪ್ಪು ಕಲ್ಲಿನ ತುಂಡುಗಳು ಸಿಕ್ಕಿಕೊಂಡಿವೆ. ಆ ತುಂಡುಗಳು ಇನ್ನೂ ಹಳೆಯವು. ಭೂಮಿಯ ಆಳದಲ್ಲಿ ಬಿಸಿಗೆ ಮೆತ್ತಗಾಗಿ, ಒತ್ತಡಕ್ಕೆ ಮಡಚಿಕೊಂಡು ಆದ ಪಟ್ಟೆಗಳಿವು. ನಮ್ಮೂರಿನ ಮುರಕಲ್ಲು ನೋಡಿ ಬೆಳೆದವರಿಗೆ ಇದು ಬೇರೆ ಲೋಕ. ಮುರಕಲ್ಲು ಮಳೆಗೆ, ಬಿಸಿಲಿಗೆ ಕಲ್ಲು ಕರಗಿ ಉಳಿದದ್ದು. ಆ ಮಟ್ಟಿಗೆ ಅದು ನಿನ್ನೆ ಮೊನ್ನೆಯದು. ಮಗಳು ಕೈಯಿಂದ ಪಟ್ಟೆಯ ಜಾಡು ಹಿಡಿದು ಹೋಗಲಿ. ಒಂಬತ್ತು ಗಂಟೆ ದಾಟಿದರೆ ಕಲ್ಲು ಕಾಯುತ್ತದೆ, ಅದಕ್ಕೆ ಮುಂಚೆ ಇಳಿದುಬಿಡಿ. ಅಮ್ಮ ಬುಡದಲ್ಲೇ ಕೂತು ನೋಡಬಹುದು, ಪಟ್ಟೆ ಅಲ್ಲೂ ಕಾಣುತ್ತದೆ.

ಅಷ್ಟು ಹೊತ್ತಿಗೆ ಹಸಿವಾಗಿರುತ್ತದೆ ಅಲ್ವಾ? ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಸೋಮವಾರ ಮುಚ್ಚಿರುತ್ತದೆ, ಇದೂ ಹಲವರಿಗೆ ಗೊತ್ತಿರುವುದಿಲ್ಲ. ಆಟೋ ಹಿಡಿದು ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋಗಿ. ಅದರ ರಜೆ ಶುಕ್ರವಾರ. ಎಂ.ಟಿ.ಆರ್. ನಿಮ್ಮ ಪಕ್ಕದ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಶುರು ಮಾಡಿದ್ದು. ವಿದ್ಯಾರ್ಥಿ ಭವನವನ್ನು 1943ರಲ್ಲಿ ತೆರೆದ ವೆಂಕಟರಮಣ ಉರಾಳರೂ ಸಾಲಿಗ್ರಾಮದ ಕಡೆಯವರೇ. ಬ್ರಹ್ಮಾವರದಿಂದ ಹೊರಟು ಮುನ್ನೂರೈವತ್ತಕ್ಕೂ ಜಾಸ್ತಿ ಕಿಲೋಮೀಟರ್ ದೂರ ಬಂದು, ಪಕ್ಕದೂರಿನವರ ದೋಸೆಗೆ ಸಾಲು ನಿಲ್ಲುವುದು. ಇರಲಿ, ದೋಸೆ ಚೆನ್ನಾಗಿದೆ. ಒಬ್ಬರು ಸಾಲಿನಲ್ಲಿ ನಿಲ್ಲಿ, ಉಳಿದವರು ಬಜಾರಿನಲ್ಲಿ ಹೂವು, ಹಣ್ಣು ನೋಡುತ್ತಿರಲಿ.

ಮಧ್ಯಾಹ್ನ ಮನೆಗೆ ಹೋಗಿ ಮಲಗಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಮದುವೆ ಓಡಾಟದ ಮರುದಿನ ಹಿರಿಯರನ್ನು ಮಧ್ಯಾಹ್ನವೂ ಸುತ್ತಿಸಿದರೆ ಮಂಗಳವಾರ ಕೈಗೆ ಸಿಗುವುದಿಲ್ಲ. ಸಂಜೆ ಬೇಕಿದ್ದರೆ ಜಯನಗರದಲ್ಲೇ ಒಂದು ಸುತ್ತು. ಟಿಪ್ಪುವಿನ ಬೇಸಿಗೆ ಅರಮನೆ ಪಟ್ಟಿಯಲ್ಲಿ ಇರಬಹುದು. ಮರದ ಕಂಬಗಳ ಒಳ್ಳೆಯ ಕಟ್ಟಡ, 1791ರಲ್ಲಿ ಮುಗಿದದ್ದು. ಆದರೆ ಕೆ.ಆರ್. ಮಾರ್ಕೆಟ್ಟಿನ ಗಲಾಟೆ ದಾಟಿ ಹೋಗಬೇಕು. ಈ ಸಲ ಬಿಡಿ.

ಮಂಗಳವಾರವೇ ನಿಮ್ಮ ನಿಜವಾದ ನಡಿಗೆ. ಬೆಳಿಗ್ಗೆ ಏಳಕ್ಕೆ ಮೆಟ್ರೊ ಹತ್ತಿದರೆ ನೂಕುನುಗ್ಗಲು ಶುರುವಾಗುವ ಮೊದಲೇ ತಲುಪುತ್ತೀರಿ. ಮೆಜೆಸ್ಟಿಕ್‌ನಲ್ಲಿ ಹಸಿರಿನಿಂದ ನೇರಳೆ ಮಾರ್ಗಕ್ಕೆ ಬದಲಿಸಬೇಕು. ಆ ನಿಲ್ದಾಣದೊಳಗೆ ನಡೆಯುವುದು ಸ್ವಲ್ಪ ಜಾಸ್ತಿ, ಅಮ್ಮನಿಗೆ ಲಿಫ್ಟ್ ಹುಡುಕಿ. ಅಲ್ಲಿಂದ ಎರಡನೇ ನಿಲ್ದಾಣ ಅಂಬೇಡ್ಕರ್ ವಿಧಾನಸೌಧ. ಕಬ್ಬನ್ ಪಾರ್ಕ್ ಎಂದೇ ಹೆಸರಿರುವ ನಿಲ್ದಾಣ ಅದರ ಮುಂದಿನದು, ಅಲ್ಲಿಗೆ ಹೋಗಬೇಡಿ. ವಿಧಾನಸೌಧದಲ್ಲಿ ಇಳಿದರೆ ಎರಡು ದೊಡ್ಡ ಕಟ್ಟಡ ನೋಡಿಕೊಂಡು, ಪಾರ್ಕಿನ ನೆರಳಿನಲ್ಲೇ ಸಾಗಿ, ಮ್ಯೂಸಿಯಂ ಬಾಗಿಲು ತೆರೆಯುವ ಹೊತ್ತಿಗೆ ಕಸ್ತೂರ್ಬಾ ರಸ್ತೆಗೆ ಬರುತ್ತೀರಿ. ಎಲ್ಲ ಸೇರಿ ಒಂದೂವರೆ ಕಿಲೋಮೀಟರ್ ಆಸುಪಾಸು. ಅದಕ್ಕೆ ಎರಡು ಗಂಟೆ ಕೊಡಿ.

ವಿಧಾನಸೌಧವನ್ನು ಹೊರಗಿನಿಂದ ನೋಡಿ. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ್ದು, 1956ರಲ್ಲಿ ಮುಗಿಯಿತು. ಎದುರಿನ ಕೆಂಪು ಕಟ್ಟಡ ಅಠಾರ ಕಚೇರಿ, ಈಗ ಹೈಕೋರ್ಟು. 1868ರಲ್ಲಿ ಮುಗಿದಾಗ ಸರ್ಕಾರದ ಹದಿನೆಂಟು ಇಲಾಖೆಗಳು ಅಲ್ಲಿದ್ದವು, ಅಠಾರ ಎಂದರೆ ಹಿಂದಿಯಲ್ಲಿ ಹದಿನೆಂಟು, ಅದಕ್ಕೇ ಆ ಹೆಸರು. ವಿಧಾನಸೌಧದ ಮುಂದೆ ಇದು ಕುಳ್ಳಗೆ ಕಾಣುತ್ತದೆ. 1980ರ ದಶಕದಲ್ಲಿ ಇದನ್ನು ಕೆಡವುವ ಯೋಚನೆ ನಡೆದಿತ್ತು. ಜನ ಬೀದಿಗಿಳಿದು, ಕೋರ್ಟಿಗೂ ಹೋಗಿ ಉಳಿಸಿಕೊಂಡರು.

ಹೈಕೋರ್ಟು ಬಳಸಿ ಹಿಂದೆ ಬಂದರೆ ಕಬ್ಬನ್ ಪಾರ್ಕು. 1870ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ರೂಪಿಸಿದ್ದು. ಮೊದಲು ಮೀಡ್ಸ್ ಪಾರ್ಕ್, ಆಮೇಲೆ ಕಬ್ಬನ್ ಪಾರ್ಕ್, 1927ರಲ್ಲಿ ಶ್ರೀ ಚಾಮರಾಜೇಂದ್ರ ಪಾರ್ಕ್. ದಾಖಲೆಯಲ್ಲಿ ಕೊನೆಯ ಹೆಸರೇ ಇದೆ, ಆಟೋದವರ ಹತ್ತಿರ ಮಾತ್ರ ಕಬ್ಬನ್ ಪಾರ್ಕ್ ಎಂದೇ ಹೇಳಬೇಕು. ಲಾಲ್‌ಬಾಗ್ ಸಸ್ಯತೋಟ, ಅಲ್ಲಿ ಮರಕ್ಕೊಂದು ಫಲಕ. ಇದು ಸುಮ್ನೆ ಕೂರುವ ಜಾಗ. ದೊಡ್ಡ ಮಳೆಮರಗಳು, ಬಿದಿರು ಮೆಳೆ, ಅಲ್ಲಲ್ಲಿ ತಲೆ ಎತ್ತಿದ ಬಂಡೆ. ಅಮ್ಮ ಎಲ್ಲಿ ಕೂರುತ್ತೇನೆ ಎನ್ನುತ್ತಾರೋ ಅಲ್ಲೇ ನಿಲ್ಲಿ. ತಿಂಡಿ ಕಟ್ಟಿಕೊಂಡು ಹೋಗಿ ಹುಲ್ಲಿನ ಮೇಲೆ ಬಿಚ್ಚುವ ಯೋಚನೆ ಬೇಡ, ಕಾವಲುಗಾರರು ಬಂದು ಏಳಿಸುತ್ತಾರೆ. ಬೆಳಗಿನ ಉಪಾಹಾರ ಮನೆಯಲ್ಲೇ ಮುಗಿಸಿ ಬನ್ನಿ.

ಹಾದಿಯಲ್ಲಿ ಸಿಗುವ ಕೆಂಪು ಕಟ್ಟಡ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, 1915ರದು, ಈಗ ರಾಜ್ಯ ಕೇಂದ್ರ ಗ್ರಂಥಾಲಯ. ಶೇಷಾದ್ರಿ ಅಯ್ಯರ್ 1883ರಿಂದ 1901ರವರೆಗೆ ಮೈಸೂರಿನ ದಿವಾನರು. ಶಿವನಸಮುದ್ರದ ಜಲವಿದ್ಯುತ್ ಅವರ ಕಾಲದಲ್ಲಿ ಶುರುವಾದ ಕೆಲಸ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಇದನ್ನು ಮಗಳಿಗೆ ಇಲ್ಲೇ ಹೇಳಿಡಿ, ಇನ್ನೊಂದು ಮ್ಯೂಸಿಯಂನಲ್ಲಿ ಉಪಯೋಗಕ್ಕೆ ಬರುತ್ತದೆ.

ಕಸ್ತೂರ್ಬಾ ರಸ್ತೆಯಲ್ಲಿ ವೆಂಕಟಪ್ಪ ಚಿತ್ರಶಾಲೆ, ಸರ್ಕಾರಿ ವಸ್ತುಸಂಗ್ರಹಾಲಯ, ವಿಶ್ವೇಶ್ವರಯ್ಯ ಮ್ಯೂಸಿಯಂ ಮೂರೂ ಒಂದರ ಪಕ್ಕ ಒಂದು ಇವೆ. ನಡಿಗೆಗೆ ಇದಕ್ಕಿಂತ ಅನುಕೂಲದ ಜಾಗ ಬೆಂಗಳೂರಿನಲ್ಲಿ ಇಲ್ಲ. ಹಳೆಯ ಕಟ್ಟಡಗಳಾದ್ದರಿಂದ ದುರಸ್ತಿಗೆಂದು ಆಗಾಗ ಒಂದೊಂದು ಭಾಗ ಮುಚ್ಚುತ್ತಾರೆ. ಹಿಂದಿನ ವಾರ ನೆಂಟರಿಂದ ಒಂದು ಫೋನ್ ಮಾಡಿಸಿ ಕೇಳಿಕೊಳ್ಳಿ.

ಇಲ್ಲಿ ಗುಂಪು ಒಡೆಯಿರಿ. ಇದು ನನ್ನ ಮುಖ್ಯ ಸಲಹೆ. ಐದು ಜನ ಒಟ್ಟಿಗೇ ಇರಬೇಕು ಎಂಬ ಹಟದಿಂದ ಎಷ್ಟೋ ಪ್ರವಾಸ ಕೆಟ್ಟಿವೆ. ಅಪ್ಪನಿಗೆ ಸರ್ಕಾರಿ ವಸ್ತುಸಂಗ್ರಹಾಲಯ, ಮಗಳಿಗೆ ವಿಶ್ವೇಶ್ವರಯ್ಯ ಮ್ಯೂಸಿಯಂ. ಅಮ್ಮ ಯಾವುದರಲ್ಲಿ ಬೇಕೋ ಅದರಲ್ಲಿ ಅರ್ಧ ಗಂಟೆ, ಆಮೇಲೆ ಮರದ ಕೆಳಗೆ.

ಸರ್ಕಾರಿ ವಸ್ತುಸಂಗ್ರಹಾಲಯ 1865ರಲ್ಲಿ ಶುರುವಾದದ್ದು, ಇದಕ್ಕೆ ಓಡಾಡಿದವರು ಮದರಾಸಿನ ಮ್ಯೂಸಿಯಂ ಕಟ್ಟಿದ ಸರ್ಜನ್ ಎಡ್ವರ್ಡ್ ಬಾಲ್ಫೋರ್. ಈಗಿನ ಕೆಂಪು ಕಟ್ಟಡ 1877ರದು. ಒಳಗೆ ನಾಣ್ಯ, ಹೊಯ್ಸಳ ಶಿಲ್ಪ, ಮೈಸೂರು ಚಿತ್ರ ಎಲ್ಲ ಇದೆ. ನಿಮ್ಮ ಅಪ್ಪ ಮಾತ್ರ ನೇರ ಆತಕೂರು ಶಾಸನದ ಮುಂದೆ ಹೋಗಿ ನಿಲ್ಲಲಿ.

ಈ ಕಲ್ಲಿನ ಕಥೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಕಥೆ ಗೊತ್ತಿಲ್ಲದೆ ನೋಡಿದರೆ ಇದು ಇನ್ನೊಂದು ಕಲ್ಲು ಅಷ್ಟೆ. ಕಾಲ 949-50. ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ಯುದ್ಧ. ಕೃಷ್ಣನ ಪರವಾಗಿ ಹೋರಾಡಿದ ಗಂಗರ ಬೂತುಗ ರಾಜಾದಿತ್ಯನನ್ನು ಕೊಂದ. ಬೂತುಗನ ಕಡೆಯ ಮಣಲೇರ ಎಂಬ ವೀರ ಚೆನ್ನಾಗಿ ಕಾದಾಡಿದ. ಮೆಚ್ಚಿದ ದೊರೆ, ಏನು ಬೇಕು ಕೇಳು ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕೇಳಿದ್ದು ದೊರೆಯ ಬೇಟೆನಾಯಿಯನ್ನು. ಅದರ ಹೆಸರು ಕಾಳಿ. ಆ ನಾಯಿಯನ್ನು ಮುಂದೆ ಬೆಳತೂರಿನ ಬೆಟ್ಟದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಚ್ಚಾಡಿ ಸತ್ತವು. ಈಗಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಚಲ್ಲೇಶ್ವರ ದೇವಸ್ಥಾನದ ಮುಂದೆ ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ. ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಅಲ್ಲಿನ ಗೊರವನಿಗೆ, ಅಂದರೆ ಶಿವನ ಪೂಜಾರಿಗೆ, ಪಾಪ ತಗಲುತ್ತದೆ ಎಂದೂ ಬರೆಸಿದ.

ಕಲ್ಲಿನಲ್ಲಿ ನಾಯಿಯೂ ಹಂದಿಯೂ ಎದುರುಬದುರಾಗಿವೆ. ಹಂದಿಯ ಮೈ ದಪ್ಪ, ನಾಯಿ ಅದರ ಮೇಲೆ ಎರಗಿದೆ. ಚಿತ್ರದ ಸುತ್ತ ಹಳಗನ್ನಡದ ಸಾಲುಗಳು. ಒಂದು ದೊಡ್ಡ ಯುದ್ಧದ ಸಮಾಚಾರ, ಚೋಳ ರಾಜ ಸತ್ತ ಸುದ್ದಿ, ನಮ್ಮ ಇತಿಹಾಸಕಾರರಿಗೆ ಒಂದು ನಾಯಿಯ ಕಲ್ಲಿನಿಂದ ಸಿಕ್ಕಿದೆ. ಬಾರ್ಕೂರಿನಲ್ಲಿ ಆಳುಪರ ಕಾಲದ ಅಕ್ಷರ ನೋಡಿ ಪಳಗಿದ ಕಣ್ಣಿಗೆ ಕೆಲವು ಅಕ್ಷರ ತಾನಾಗಿ ಹಿಡಿಯಬಹುದು. ಅವಸರ ಮಾಡಿಸಬೇಡಿ. ಮಗಳನ್ನೂ ಇದೊಂದು ಕಲ್ಲಿನ ಮುಂದೆ ನಿಲ್ಲಿಸಿ, ಆಮೇಲೆ ಪಕ್ಕಕ್ಕೆ ಕರೆದೊಯ್ಯಿರಿ. ಬೇಗೂರಿನ ವೀರಗಲ್ಲು ಕೂಡ ಇದೇ ಮ್ಯೂಸಿಯಂನಲ್ಲಿದೆ. ಕುದುರೆ, ಕತ್ತಿ, ಬಿದ್ದವರು, ಎದ್ದವರು, ಇಡೀ ಕಾಳಗವನ್ನು ಒಂದು ಹಲಗೆಯಲ್ಲಿ ತುಂಬಿದ್ದಾರೆ. ಅಪ್ಪನ ಎರಡನೇ ನಿಲ್ದಾಣ ಅದು.

ವಿಶ್ವೇಶ್ವರಯ್ಯ ಮ್ಯೂಸಿಯಂ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಅಲ್ಲಿ ದಾರಿ ತೋರಿಸುವುದು ಮಕ್ಕಳೇ. ಕಟ್ಟಡವನ್ನು 1962ರಲ್ಲಿ ನೆಹರು ಉದ್ಘಾಟಿಸಿದರು. ಮೊದಲ ವಿಭಾಗ ತೆರೆದದ್ದು 1965ರಲ್ಲಿ, ವಿದ್ಯುತ್ತಿನ ಬಗ್ಗೆ. ಶೇಷಾದ್ರಿ ಅಯ್ಯರ್ ಕಥೆ ಇಲ್ಲಿಗೆ ಕೂಡಿಕೊಳ್ಳುತ್ತದೆ. ರೈಟ್ ಸಹೋದರರ ವಿಮಾನದ ನಿಜ ಅಳತೆಯ ಪ್ರತಿಕೃತಿ ಇದೆ, ಎಂಜಿನ್‌ಗಳ ದೊಡ್ಡ ಹಾಲ್ ಇದೆ, ಗುಂಡಿ ಒತ್ತಿದರೆ ತಿರುಗುವ ಯಂತ್ರಗಳಿವೆ. ವಾರದ ದಿನ ಶಾಲೆಯ ಬಸ್ಸುಗಳು ಬರುತ್ತವೆ, ಆಗ ಗುಂಡಿಗೂ ಸಾಲು. ಒಂದು ಶಾಲೆ ಹೋಗಿ ಇನ್ನೊಂದು ಬರುವ ನಡುವೆ ನುಗ್ಗಬೇಕು. ಒಂದೂವರೆ ಗಂಟೆ ಸಾಕು, ಮಗಳು ಒಪ್ಪುವುದಿಲ್ಲ.

ಅಮ್ಮನಿಗೂ ನಿಮಗೂ ವೆಂಕಟಪ್ಪ ಚಿತ್ರಶಾಲೆ ತೆರೆದಿದ್ದರೆ ಒಂದು ಅರ್ಧ ಗಂಟೆ. ಕೆ. ವೆಂಕಟಪ್ಪ ಅವನೀಂದ್ರನಾಥ ಟ್ಯಾಗೋರರ ಶಿಷ್ಯರು. ಊಟಿಯ ಬೆಟ್ಟ, ಮಂಜನ್ನು ಜಲವರ್ಣದಲ್ಲಿ ಬಿಡಿಸಿದ ಅವರ ಚಿತ್ರಗಳು ಗಾತ್ರದಲ್ಲಿ ಸಣ್ಣವು, ಹತ್ತಿರ ಹೋಗಿ ನೋಡಬೇಕು. ಅಲ್ಲೇ ಕೆ.ಕೆ. ಹೆಬ್ಬಾರರ ಕೃತಿಗಳೂ ಇವೆ. ಹೆಬ್ಬಾರರು 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದವರು, ಮುಂಬೈಯಲ್ಲಿ ಹೆಸರು ಮಾಡಿದರು. ಅವರ ರೇಖೆಗಳಲ್ಲಿ ಕುಣಿಯುವ ಮೈಗಳನ್ನು ನೋಡಿದರೆ ಇವರು ಚಿಕ್ಕಂದಿನಲ್ಲಿ ಯಕ್ಷಗಾನ ನೋಡದೆ ಇದ್ದಿರಲಿಕ್ಕಿಲ್ಲ ಎಂದು ನನಗೆ ಅನ್ನಿಸುತ್ತದೆ. ಚಿತ್ರಶಾಲೆ ಮುಚ್ಚಿದ್ದರೆ ಅದೇ ರಸ್ತೆಯಲ್ಲಿ 2023ರಲ್ಲಿ ಶುರುವಾದ ಮ್ಯಾಪ್ ಇದೆ, ಕಲೆ ಮತ್ತು ಛಾಯಾಚಿತ್ರಗಳ ಖಾಸಗಿ ಮ್ಯೂಸಿಯಂ. ಹೊಸ ಕಟ್ಟಡ, ಲಿಫ್ಟ್ ಇದೆ. ಮೊಣಕಾಲಿನ ದೃಷ್ಟಿಯಿಂದ ನೋಡಿದರೆ ಆ ರಸ್ತೆಯಲ್ಲಿ ಅದಕ್ಕೇ ಮೊದಲ ಸ್ಥಾನ.

ಮಧ್ಯಾಹ್ನದ ಊಟಕ್ಕೆ ಆ ರಸ್ತೆಯಲ್ಲಿ ಹುಡುಕುತ್ತಾ ಬಿಸಿಲಲ್ಲಿ ನಡೆಯಬೇಡಿ. ಒಂದು ಗಂಟೆಗೆ ಆಟೋ ಹಿಡಿದು ಎಂ.ಜಿ. ರಸ್ತೆ, ಚರ್ಚ್ ಸ್ಟ್ರೀಟ್ ಕಡೆ ಹೋಗಿ. ಊಟವಾದ ಮೇಲೆ ಶಕ್ತಿ ಉಳಿದಿದ್ದರೆ ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. ಮಾಣಿಕ್ಯವೇಲು ಎಂಬ ಶ್ರೀಮಂತರ ಹಳೆಯ ಬಂಗಲೆ, 2009ರಿಂದ ಗ್ಯಾಲರಿ. ಅಂಗಳದ ಮರಗಳೇ ಅರ್ಧ ಆಕರ್ಷಣೆ. ಶಕ್ತಿ ಉಳಿದಿಲ್ಲ ಎಂದರೆ ಬಿಟ್ಟುಬಿಡಿ. ರಾತ್ರಿ ಘಾಟಿಯ ತಿರುವುಗಳಲ್ಲಿ ಬಸ್ಸಿನಲ್ಲಿ ಕೂರಬೇಕು ಎಂಬುದು ನೆನಪಿರಲಿ. ನಾಲ್ಕಕ್ಕೆ ಜಯನಗರಕ್ಕೆ ವಾಪಸಾಗಿ, ಅಮ್ಮ ಒಂದೆರಡು ಗಂಟೆ ಕಾಲು ಮೇಲೆ ಮಾಡಿ ಮಲಗಲಿ. ಎಂ.ಟಿ.ಆರ್. ಮಂಗಳವಾರ ತೆರೆದಿರುತ್ತದೆ, ರವೆ ಇಡ್ಲಿ ಅಲ್ಲೇ ಹುಟ್ಟಿದ್ದು, ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾಗ. ಸಂಜೆಯ ತಿಂಡಿಗೆ ಹೋಗಬಹುದು. ರಾತ್ರಿ ಊಟವನ್ನು ಹಗುರವಾಗಿ ಮುಗಿಸಿ, ತಿರುವಿನಲ್ಲಿ ಹೊಟ್ಟೆ ತೊಳೆಸುವವರು ಗುಂಪಿನಲ್ಲಿ ಒಬ್ಬರಾದರೂ ಇರುತ್ತಾರೆ.

ಒಂದು ಮಾತು ಅಪ್ಪನಿಗೆ ಮೊದಲೇ ಹೇಳಿಡಿ. ಬೆಂಗಳೂರು ಎಂಬ ಹೆಸರು ಬರುವ ಹಳೆಯ ಶಾಸನ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿದೆ, ಸುಮಾರು 890ರ ಕಾಲದ್ದು. ವೀರಗಲ್ಲು ನೋಡಿದ ಕೂಡಲೇ ಅವರು ಅಲ್ಲಿಗೂ ಹೋಗೋಣ ಎನ್ನುತ್ತಾರೆ. ಈ ಎರಡು ದಿನದಲ್ಲಿ ಬೇಡ. ಊರಿನ ದಕ್ಷಿಣದ ತುದಿ, ಟ್ರಾಫಿಕ್ಕಿನಲ್ಲಿ ಅರ್ಧ ದಿನ ಹೋಗುತ್ತದೆ. ಅವರಿಗೆ ತಡೆಯಲಾಗದಿದ್ದರೆ ಬುಧವಾರ ಬೆಳಿಗ್ಗೆಗೆ ಒಬ್ಬರನ್ನೇ ನೆಂಟರ ಜೊತೆ ಕಳಿಸಿ, ಬಸ್ಸಿನ ಟಿಕೆಟ್ ಒಂದು ದಿನ ಮುಂದೆ ಹಾಕಿ.